ಕಳಲೆಯ ಕರಾಚೂರಿ ನಂಜರಾಜಯ್ಯ: ತಿರುಚಿರಾಪಳ್ಳಿಯ ಆಸೆಗೆ ತೆತ್ತ ಬೆಲೆ

ಮಲೆನಾಡಿನವರಿಗೆ ಕಳಲೆ ಎಂದರೆ ಮಳೆಗಾಲದ ಎಳೆ ಬಿದಿರು, ಅದರ ಪಲ್ಯ ಮತ್ತು ಉಪ್ಪಿನಕಾಯಿ. ಮೈಸೂರು ಸೀಮೆಯವರಿಗೆ ಮಾತ್ರ ಅದು ಒಂದು ಊರಿನ ಹೆಸರು. ನಂಜನಗೂಡಿಗೆ ಸಮೀಪದ ಈ ಗ್ರಾಮ ಲಕ್ಷ್ಮೀಕಾಂತಸ್ವಾಮಿ ದೇವಾಲಯದಿಂದ ಹೆಸರಾಗಿದೆ. ಆದರೆ ಹದಿನೆಂಟನೆಯ ಶತಮಾನದಲ್ಲಿ ಒಂದು ತಲೆಮಾರಿನಷ್ಟು ಕಾಲ ಮೈಸೂರು ರಾಜ್ಯವನ್ನು ವಾಸ್ತವವಾಗಿ ಆಳಿದವರು ಈ ಊರಿನ ಹೆಸರನ್ನು ಹೊತ್ತಿದ್ದ ಮನೆತನದವರು. ಸಿಂಹಾಸನದ ಮೇಲೆ ಒಡೆಯರು ಕುಳಿತಿದ್ದರು. ಸೈನ್ಯ, ಬೊಕ್ಕಸ ಮತ್ತು ರಾಜಮುದ್ರೆ ಕಳಲೆಯವರ ಕೈಯಲ್ಲಿದ್ದವು.

ಆ ಮನೆತನದ ಕೊನೆಯ ಪ್ರಬಲ ಪುರುಷ ಕರಾಚೂರಿ ನಂಜರಾಜಯ್ಯ. ಹೈದರಾಲಿಯ ಕಥೆ ಹೇಳುವವರು ಈತನನ್ನು ಒಂದೆರಡು ಪುಟಗಳಲ್ಲಿ ಮುಗಿಸಿಬಿಡುತ್ತಾರೆ. ಹೈದರನನ್ನು ಕೈಹಿಡಿದು ಮೇಲೆತ್ತಿ, ಅವನಿಂದಲೇ ಕೆಳಗುರುಳಿದ ದಡ್ಡ ಮಂತ್ರಿ ಎಂಬುದೇ ಆ ಪುಟಗಳ ಸಾರ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ದೇವನಹಳ್ಳಿಯ ಕೋಟೆಯನ್ನು ಗೆದ್ದವನೂ, ಪರರಾಜ್ಯದ ಕೋಟೆಯೊಂದರ ಮುಂದೆ ಮೂರು ವರ್ಷ ಪಾಳೆಯ ಹೂಡಿ ಮೈಸೂರಿನ ಬೊಕ್ಕಸವನ್ನು ಬರಿದು ಮಾಡಿದವನೂ, ಕನ್ನಡ ಗದ್ಯದಲ್ಲಿ ಸಾಲುಸಾಲಾಗಿ ಪುರಾಣಗಳನ್ನು ರಚಿಸಿದವನೂ ಒಬ್ಬನೇ ಎಂಬುದನ್ನು ನೆನೆದಾಗ ಆ ತೀರ್ಪು ಸಾಲದೆನಿಸುತ್ತದೆ.

ದಳವಾಯಿಗಳ ಮನೆತನ

ಮೈಸೂರಿನ ಅರಸರಿಗೂ ಕಳಲೆಯ ಪಾಳೆಯಗಾರರಿಗೂ ಮೊದಮೊದಲು ಇದ್ದುದು ನೆರೆಹೊರೆಯ ಹಗೆತನ. ರಾಜ ಒಡೆಯರ ಕಾಲದಲ್ಲಿ, 1614ರ ಸುಮಾರಿಗೆ, ಎರಡೂ ಮನೆತನಗಳ ನಡುವೆ ಒಂದು ಒಡಂಬಡಿಕೆ ಏರ್ಪಟ್ಟಿತೆಂದು ಇತಿಹಾಸಕಾರರು ಬರೆದಿದ್ದಾರೆ. ಅದರಂತೆ ಮೈಸೂರಿನ ಸೇನಾಧಿಪತ್ಯ, ಅಂದರೆ ದಳವಾಯಿ ಪದವಿ, ಕಳಲೆಯವರಿಗೆ ಮೀಸಲಾಯಿತು. ಜೊತೆಗೆ ಹೆಣ್ಣು ಕೊಟ್ಟು ತರುವ ಸಂಬಂಧವೂ ಬೆಳೆಯಿತು. ಪ್ರಬಲನಾದ ಅರಸನಿದ್ದಾಗ ದಳವಾಯಿ ಸೇವಕನಾಗಿಯೇ ಉಳಿದ. ಚಿಕ್ಕದೇವರಾಜ ಒಡೆಯರು 1704ರಲ್ಲಿ ತೀರಿಕೊಂಡ ನಂತರ ಆ ಬಿಗಿ ಸಡಿಲಗೊಂಡಿತು.

ದೊಡ್ಡ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1724ರಲ್ಲಿ, ಕಳಲೆಯ ವೀರರಾಜನ ಮಗ ದೇವರಾಜಯ್ಯ ದಳವಾಯಿಯಾದ. ಸರ್ವಾಧಿಕಾರಿ ಪದವಿ, ಎಂದರೆ ಕಂದಾಯ ಮತ್ತು ಹಣಕಾಸಿನ ಹಿಡಿತ, ಅವನ ದಾಯಾದಿ ನಂಜರಾಜಯ್ಯನ ಪಾಲಾಯಿತು. ಈ ನಂಜರಾಜಯ್ಯ ನಮ್ಮ ಕಥಾನಾಯಕನಲ್ಲ. ಒಂದೇ ಮನೆತನದಲ್ಲಿ ಒಂದೇ ಹೆಸರಿನ ಇಬ್ಬರು ಒಂದೇ ಪದವಿಯನ್ನು ಒಬ್ಬರ ನಂತರ ಒಬ್ಬರು ವಹಿಸಿಕೊಂಡದ್ದರಿಂದ ಓದುಗರಿಗಷ್ಟೇ ಅಲ್ಲ, ಬರೆದವರಿಗೂ ಹಲವು ಬಾರಿ ಗೊಂದಲವಾಗಿದೆ.

ದೊಡ್ಡ ಕೃಷ್ಣರಾಜರು 1732ರಲ್ಲಿ ನಿಧನರಾದಾಗ ಚಾಮರಾಜ ಒಡೆಯರು ದತ್ತುಪುತ್ರರಾಗಿ ಪಟ್ಟಕ್ಕೆ ಬಂದರು. ಅವರು ದಳವಾಯಿಗಳ ಹಂಗಿಲ್ಲದೆ ಆಳಲು ಹೊರಟರು. ಎರಡೇ ವರ್ಷಗಳಲ್ಲಿ ಅವರನ್ನು ಸೆರೆಹಿಡಿದು ಕಬ್ಬಾಳದುರ್ಗಕ್ಕೆ ಕಳುಹಿಸಲಾಯಿತು. 1734ರಲ್ಲಿ ಅಲ್ಲಿಯೇ ಅವರ ಅಂತ್ಯವಾಯಿತು. ಖಾಲಿಯಾದ ಸಿಂಹಾಸನದ ಮೇಲೆ ಐದಾರು ವರ್ಷದ ಬಾಲಕ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಕೂರಿಸಲಾಯಿತು. ಅರಸನೊಬ್ಬನನ್ನು ಇಳಿಸಿ ಮತ್ತೊಬ್ಬನನ್ನು ಏರಿಸುವ ಶಕ್ತಿ ಕಳಲೆಯವರಿಗಿದೆ ಎಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು.

ಆ ದರ್ಪದ ಜೊತೆಗೆ ಸಾಮರ್ಥ್ಯವೂ ಇತ್ತೆಂಬುದನ್ನು ಮರೆಯಬಾರದು. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಸೇತುವೆ ಕಟ್ಟಿಸಿದವನು ಇದೇ ದಳವಾಯಿ ದೇವರಾಜಯ್ಯ. ಮುಂದೆ ರೈಲು, ರಸ್ತೆ ಎರಡನ್ನೂ ಹೊತ್ತ ಆ ಸೇತುವೆ ನಾಡಿನ ಹಳೆಯ ಸೇತುವೆಗಳಲ್ಲೊಂದು. ಆರ್ಕಾಟಿನ ನವಾಬ ದೋಸ್ತ್ ಅಲಿಯ ಸೈನ್ಯ 1737ರಲ್ಲಿ ಮೈಸೂರಿನ ಮೇಲೆ ಏರಿಬಂದಾಗ ಅರ್ಕಾವತಿ ತೀರದ ಕೈಲಾಂಚದ ಬಳಿ ಅದನ್ನು ಸೋಲಿಸಿ ಹಿಂದಕ್ಕಟ್ಟಿದವನೂ ಅವನೇ.

ಹಿರಿಯ ನಂಜರಾಜಯ್ಯ 1740ರ ಸುಮಾರಿಗೆ ಕಾಲವಾದಾಗ ಸರ್ವಾಧಿಕಾರಿ ಪದವಿ ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯನಿಗೆ ಬಂತು. ಕರ ಎಂದರೆ ಕೈ, ಚೂರಿ ಎಂದರೆ ಚೂರಿಯೇ. ಕೈಯಲ್ಲಿ ಸದಾ ಆಯುಧ ಹಿಡಿದ ಮನುಷ್ಯ ಎಂಬ ಭಾವ ಆ ಹೆಸರಿನಲ್ಲಿದೆ. ಸೈನ್ಯದಲ್ಲಿದ್ದವರು ಸಮವಸ್ತ್ರ ಕಳಚಿಟ್ಟು ಶಾಸನಸಭೆ, ಸಂಸತ್ತುಗಳಿಗೆ ಹೋಗುವುದನ್ನು ಇಂದು ಕಾಣುತ್ತೇವೆ. ನಂಜರಾಜಯ್ಯನಿಗೆ ಏನನ್ನೂ ಕಳಚುವ ಅಗತ್ಯ ಬೀಳಲಿಲ್ಲ. ಯುದ್ಧ ಹೂಡುವವನೂ ಅವನೇ, ಅದಕ್ಕೆ ಹಣ ಮಂಜೂರು ಮಾಡುವವನೂ ಅವನೇ. ತಡೆಯುವವರು ಯಾರೂ ಇಲ್ಲದ ಈ ಸ್ಥಿತಿಯೇ ಮುಂದಿನ ಅನರ್ಥಕ್ಕೆ ಮೂಲವೆಂದು ತೋರುತ್ತದೆ. ಅಣ್ಣನಿಗೆ ವಯಸ್ಸಾಗುತ್ತ ಬಂದಂತೆ ದಂಡಯಾತ್ರೆಗಳ ಹೊಣೆಯನ್ನೂ ತಮ್ಮನೇ ಹೊತ್ತ. ತನ್ನ ಮಗಳನ್ನು ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಧಾರೆಯೆರೆದು ಅರಸನ ಮಾವನೂ ಆದ.

ದೇವನಹಳ್ಳಿಯ ಮುತ್ತಿಗೆ

ನಂಜರಾಜಯ್ಯ 1746ರಲ್ಲಿ ಕೊಯಮತ್ತೂರು ಸೀಮೆಯತ್ತ ದಂಡೆತ್ತಿ ಹೋಗಿ ಧಾರಾಪುರವನ್ನು ವಶಪಡಿಸಿಕೊಂಡ. ಮೂರು ವರ್ಷಗಳ ನಂತರ, 1749ರಲ್ಲಿ, ದೇವನಹಳ್ಳಿಯ ಪಾಳೆಯಗಾರನ ಕೋಟೆಗೆ ಮುತ್ತಿಗೆ ಹಾಕಿದ. ಹಲವು ತಿಂಗಳು ನಡೆದ ಆ ಮುತ್ತಿಗೆಯಲ್ಲಿ ಶಹಬಾಜ್ ಎಂಬ ಅಧಿಕಾರಿಯ ತಮ್ಮ ಸ್ವಂತ ಇಚ್ಛೆಯಿಂದ ಬಂದು ಸೇರಿಕೊಂಡಿದ್ದ. ಅಪಾಯದ ಸ್ಥಳದಲ್ಲೆಲ್ಲ ಮುಂದಿರುತ್ತಿದ್ದ, ಗಲಿಬಿಲಿಗೊಳ್ಳದ ಆ ಸವಾರನ ಮೇಲೆ ನಂಜರಾಜಯ್ಯನ ಕಣ್ಣು ಬಿತ್ತು. ಕೋಟೆ ಕೈವಶವಾದ ಮೇಲೆ ಅವನಿಗೆ 50 ಕುದುರೆ ಸವಾರರು ಹಾಗೂ 200 ಕಾಲಾಳುಗಳ ಪಡೆಯನ್ನು ಒಪ್ಪಿಸಿ, ಕೋಟೆಯ ಬಾಗಿಲೊಂದರ ಕಾವಲನ್ನೂ ವಹಿಸಿದ. ಆ ಸವಾರನೇ ಹೈದರಾಲಿ.

ಅಕ್ಷರ ಬಾರದ ಒಬ್ಬ ಸಿಪಾಯಿಯಲ್ಲಿ ಅಪಾರ ಪ್ರತಿಭೆಯಿದೆ ಎಂದು ಮೊದಲು ಗುರುತಿಸಿದ್ದು ನಂಜರಾಜಯ್ಯ. ಹುಟ್ಟು, ಮತ, ಮನೆತನಗಳನ್ನು ಬದಿಗಿಟ್ಟು ಯೋಗ್ಯತೆಗೆ ಮಣೆ ಹಾಕಿದ ಆ ನಿರ್ಧಾರವನ್ನು ಅವನ ಮೂರ್ಖತನಗಳ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲ.

ಕಾವೇರಿಯ ಕೆಳದಂಡೆಯಲ್ಲಿ

ಕರ್ನಾಟಿಕ್ ಯುದ್ಧಗಳೆಂದು ಪಠ್ಯಪುಸ್ತಕಗಳಲ್ಲಿ ಓದುವ ಕದನಗಳಲ್ಲಿ ಇಂಗ್ಲಿಷರು, ಫ್ರೆಂಚರು ಮತ್ತು ಇಬ್ಬರು ನವಾಬರ ಹೆಸರು ಮಾತ್ರ ನೆನಪಿನಲ್ಲುಳಿಯುತ್ತವೆ. ಆ ಕದನಗಳ ನಡುಮಧ್ಯೆ ನಂಜನಗೂಡು ಸೀಮೆಯ ಒಬ್ಬ ಅರಸುಮಗ ಮೂರು ವರ್ಷ ಡೇರೆ ಹಾಕಿ ಕುಳಿತಿದ್ದ.

ಆರ್ಕಾಟಿನ ನವಾಬಗಿರಿಗೆ ಮಹಮ್ಮದಾಲಿ ಮತ್ತು ಚಂದಾ ಸಾಹೇಬ ಹೋರಾಡುತ್ತಿದ್ದರು. ಮಹಮ್ಮದಾಲಿಗೆ ಇಂಗ್ಲಿಷರ ಬೆಂಬಲ, ಚಂದಾ ಸಾಹೇಬನಿಗೆ ಫ್ರೆಂಚರ ಬೆಂಬಲ. 1751ರಲ್ಲಿ ಮಹಮ್ಮದಾಲಿ ತಿರುಚಿರಾಪಳ್ಳಿಯ ಕೋಟೆಯೊಳಗೆ ಸಿಕ್ಕಿಬಿದ್ದ. ಕೈಯಲ್ಲಿ ಹಣವಿಲ್ಲ, ಸೈನ್ಯಕ್ಕೆ ಸಂಬಳವಿಲ್ಲ. ಆಗ ಆತ ಮೈಸೂರಿಗೆ ದೂತನನ್ನು ಅಟ್ಟಿದ. ನೆರವು ನೀಡಿದರೆ ತಿರುಚಿರಾಪಳ್ಳಿಯನ್ನೂ ಅಲ್ಲಿಂದ ಕನ್ಯಾಕುಮಾರಿಯವರೆಗಿನ ತನ್ನ ಸೀಮೆಯನ್ನೂ ಮೈಸೂರಿಗೆ ಬಿಟ್ಟುಕೊಡುವುದಾಗಿ ವಾಗ್ದಾನ ಮಾಡಿದ.

ಪ್ರಾಣಭಯದಲ್ಲಿರುವವನು ಇಷ್ಟು ದೊಡ್ಡ ಕೊಡುಗೆಯ ಮಾತಾಡಿದರೆ ಎಚ್ಚರ ವಹಿಸಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಅಣ್ಣ ದೇವರಾಜಯ್ಯ ಹಾಗೆಯೇ ಎಚ್ಚರಿಸಿದ. ಈ ಯುದ್ಧ ನಮಗೆ ಬೇಡವೆಂದು ಬಲವಾಗಿ ವಿರೋಧಿಸಿದ. ತಮ್ಮ ಕೇಳಲಿಲ್ಲ. ಇದಕ್ಕೆ ದುರಾಸೆಯೊಂದೇ ಕಾರಣವಿರಲಾರದು. ತಿರುಚಿರಾಪಳ್ಳಿ ಮೈಸೂರಿನ ಹಳೆಯ ಕನಸು. ಚಿಕ್ಕದೇವರಾಜರ ಕಾಲದಲ್ಲಿ, 1682ರಲ್ಲಿ, ಕಳಲೆ ಮನೆತನದ್ದೇ ದಳವಾಯಿ ಕುಮಾರಯ್ಯ ಆ ಕೋಟೆಗೆ ಮುತ್ತಿಗೆ ಹಾಕಿ ವಿಫಲನಾಗಿದ್ದ. ಹಿರಿಯರ ಕೈಗೆ ಎಟುಕದೆ ಹೋದುದು ತನ್ನ ಕೈಗೆ ತಾನಾಗಿ ಬರುತ್ತಿದೆ ಎಂದು ನಂಜರಾಜಯ್ಯನಿಗೆ ಅನಿಸಿದ್ದರೆ ಅಚ್ಚರಿಯಿಲ್ಲ.

1752ರ ಆರಂಭದಲ್ಲಿ ಮೈಸೂರಿನ ದೊಡ್ಡ ಸೈನ್ಯ ತಿರುಚಿರಾಪಳ್ಳಿ ತಲುಪಿತು. ಗುತ್ತಿಯ ಮುರಾರಿರಾಯನ ಮರಾಠಾ ಸವಾರರನ್ನೂ ಹಣ ಕೊಟ್ಟು ಕರೆತರಲಾಗಿತ್ತು. ಇಂಗ್ಲಿಷರು, ತಂಜಾವೂರಿನವರು, ಮೈಸೂರಿನವರು ಸೇರಿದ ಮೇಲೆ ಯುದ್ಧದ ತಕ್ಕಡಿ ವಾಲಿತು. ಆ ವರ್ಷದ ಜೂನ್ ತಿಂಗಳಲ್ಲಿ ಶ್ರೀರಂಗಂ ದ್ವೀಪದಲ್ಲಿದ್ದ ಫ್ರೆಂಚ್ ಪಡೆ ಶರಣಾಯಿತು. ಚಂದಾ ಸಾಹೇಬ ತಂಜಾವೂರಿನ ಸೇನಾನಿಯ ಕೈಗೆ ಸಿಕ್ಕಿ ಕೊಲೆಯಾದ. ಮಹಮ್ಮದಾಲಿ ಗೆದ್ದ.

ಗೆದ್ದ ನವಾಬ ಮಾತು ಮರೆತ. ನಂಜರಾಜಯ್ಯ ಕೋಟೆಯನ್ನು ಒಪ್ಪಿಸೆಂದಾಗ ಮೊದಲು ಕಾಲಾವಕಾಶ ಕೇಳಿದ, ಆಮೇಲೆ ಶ್ರೀರಂಗಂ ದ್ವೀಪವನ್ನು ಬಿಟ್ಟುಕೊಟ್ಟು ಸಮಾಧಾನಪಡಿಸಲು ನೋಡಿದ. ಇಂಗ್ಲಿಷರು ಈ ಒಪ್ಪಂದಕ್ಕೆ ತಾವು ಹೊಣೆಗಾರರಲ್ಲವೆಂಬ ನಿಲುವು ತಳೆದರು. ಕೋಟೆಯನ್ನು ಕಾಯುತ್ತಿದ್ದವರು ಮಾತ್ರ ಅವರೇ. ಮೈಸೂರಿನ ರಕ್ತ ಹಾಗೂ ಹಣದಿಂದ ಉಳಿದ ಕೋಟೆಯ ಬಾಗಿಲು ಮೈಸೂರಿಗೇ ಮುಚ್ಚಿತು.

ವಚನಭ್ರಷ್ಟತೆಗೆ ಗುರಿಯಾದವನು ಎಂಬ ಕನಿಕರ ಇಲ್ಲಿ ನಂಜರಾಜಯ್ಯನ ಮೇಲೆ ಹುಟ್ಟುತ್ತದೆ. ಆದರೆ ಮೋಸ ಹೋದದ್ದು ತಿಳಿದ ಮೇಲೆ ನಡೆದುಕೊಂಡ ರೀತಿಗೆ ಕನಿಕರ ತೋರುವುದು ಕಷ್ಟ. ಅವನು ಹಿಂದಿರುಗಬಹುದಾಗಿತ್ತು. ಬದಲಿಗೆ ಪಾಂಡಿಚೇರಿಯ ಡ್ಯೂಪ್ಲೆಯೊಡನೆ ಕೈಜೋಡಿಸಿ, ನಿನ್ನೆಯವರೆಗೆ ತಾನು ರಕ್ಷಿಸುತ್ತಿದ್ದ ಕೋಟೆಗೆ ತಾನೇ ಮುತ್ತಿಗೆ ಹಾಕಿದ. ಕೋಟೆಯೊಳಕ್ಕೆ ದವಸಧಾನ್ಯ ಹೋಗದಂತೆ ದಾರಿಗಳನ್ನು ಕಟ್ಟಿದ. ಊರಿನ ಜನ ಹಸಿವಿನಿಂದ ಮನೆ ತೊರೆದು ಗುಳೆ ಹೊರಟರು. 1753ರ ಉದ್ದಕ್ಕೂ ಮೇಜರ್ ಲಾರೆನ್ಸನ ಪಡೆಗಳಿಗೂ ಫ್ರೆಂಚ್-ಮೈಸೂರು ಪಡೆಗಳಿಗೂ ಆ ಬಯಲಿನಲ್ಲಿ ಕದನಗಳಾದವು. ಕೋಟೆ ಬೀಳಲಿಲ್ಲ. ಡ್ಯೂಪ್ಲೆಯನ್ನು 1754ರಲ್ಲಿ ಫ್ರಾನ್ಸಿಗೆ ಹಿಂದಕ್ಕೆ ಕರೆಸಿಕೊಂಡರು. ಫ್ರೆಂಚರು ಮತ್ತು ಇಂಗ್ಲಿಷರು ತಮ್ಮ ತಮ್ಮಲ್ಲಿ ಕದನವಿರಾಮ ಮಾಡಿಕೊಂಡರು. ನಂಜರಾಜಯ್ಯ ಮಾತ್ರ ಏಕಾಂಗಿಯಾಗಿ ಅಲ್ಲಿಯೇ ಉಳಿದ.

ಪಾಳೆಯದಲ್ಲಿದ್ದ ಹೈದರಾಲಿ ಈ ಮೂರು ವರ್ಷಗಳನ್ನು ವ್ಯರ್ಥ ಮಾಡಲಿಲ್ಲ. ಐರೋಪ್ಯರು ಹೇಗೆ ಕಾದುತ್ತಾರೆ, ಶಿಸ್ತಿನ ಸಣ್ಣ ಪಡೆ ದೊಡ್ಡ ದಂಡನ್ನು ಹೇಗೆ ಮುರಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡ. ಬಂದೂಕು, ಫಿರಂಗಿಗಳನ್ನು ಕೂಡಿಹಾಕಿದ. ಖಂಡೇರಾಯನೆಂಬ ಚತುರ ಲೆಕ್ಕಿಗನನ್ನು ಜೊತೆಗಿಟ್ಟುಕೊಂಡು ಲೂಟಿಯ ಹಣಕ್ಕೆ ಲೆಕ್ಕವಿಟ್ಟ. ಒಡೆಯ ಕಳೆದುಕೊಳ್ಳುತ್ತಿದ್ದ ಅದೇ ಬಯಲಿನಲ್ಲಿ ಆಳು ಗಳಿಸುತ್ತಿದ್ದ. ದಿಂಡಿಗಲ್ಲಿನ ಫೌಜುದಾರನನ್ನಾಗಿ 1755ರಲ್ಲಿ ಹೈದರನನ್ನು ನೇಮಿಸಿದವನೂ ನಂಜರಾಜಯ್ಯನೇ.

ಬರಿದಾದ ಬೊಕ್ಕಸ

ನಂಜರಾಜಯ್ಯ 1755ರ ಏಪ್ರಿಲಿನಲ್ಲಿ ಶ್ರೀರಂಗಂ ಬಿಟ್ಟು ಹೊರಟದ್ದು ಜ್ಞಾನೋದಯದಿಂದಲ್ಲ. ಮನೆಗೇ ಬೆಂಕಿ ಬಿದ್ದಿತ್ತು. ಹೈದರಾಬಾದಿನ ಸಲಾಬತ್ ಜಂಗ್ ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಶ್ರೀರಂಗಪಟ್ಟಣದ ಮುಂದೆ ಬಂದು ಬಾಕಿ ಕಪ್ಪ ಕೇಳುತ್ತಿದ್ದ. ತಿರುಚಿರಾಪಳ್ಳಿಯಲ್ಲಿ ಮೈಸೂರಿನ ಮಿತ್ರರಾಗಿದ್ದ ಫ್ರೆಂಚರೇ ಇಲ್ಲಿ ವಸೂಲಿಗೆ ಬಂದವರ ಜೊತೆಗಿದ್ದರು! ದೇವರಾಜಯ್ಯ 56 ಲಕ್ಷ ರೂಪಾಯಿಗೆ ಒಪ್ಪಿಕೊಳ್ಳಬೇಕಾಯಿತು. ಬೊಕ್ಕಸದಲ್ಲಿ ಹಣವಿರಲಿಲ್ಲ. ದೇವಾಲಯಗಳ ಬೆಳ್ಳಿಬಂಗಾರ, ಅರಮನೆಯ ಒಡವೆಗಳನ್ನು ತೆಗೆದು ಕೊಟ್ಟರೂ ಮೊತ್ತ ಪೂರ್ತಿಯಾಗಲಿಲ್ಲ.

ಹತಾಶನಾಗಿ ಮರಳಿದ ನಂಜರಾಜಯ್ಯನಿಗೆ ಅರಮನೆಯಲ್ಲಿ ಬೇರೊಂದು ಸಂಕಟ ಕಾದಿತ್ತು. ಬಾಲಕನಾಗಿ ಪಟ್ಟವೇರಿದ್ದ ಇಮ್ಮಡಿ ಕೃಷ್ಣರಾಜರು ಈಗ ಪ್ರಾಯದವರು. ಮಾವನ ಹಿಡಿತದಿಂದ ಪಾರಾಗಲು ಅವರು ಆಪ್ತರೊಡನೆ ಸಂಚು ನಡೆಸಿದರು. ಸುಳಿವು ಸಿಕ್ಕಾಗ ದೇವರಾಜಯ್ಯ ಸಂಯಮ ಬೋಧಿಸಿದ. ನಂಜರಾಜಯ್ಯ 1756ರಲ್ಲಿ ಅರಮನೆಯ ಬಾಗಿಲಿಗೆ ಫಿರಂಗಿ ಹಚ್ಚಿಸಿ ಒಳನುಗ್ಗಿದ. ಅರಸನ ಬೆಂಬಲಿಗರ ಮೂಗು, ಕಿವಿಗಳನ್ನು ಅರಸನ ಎದುರಿಗೇ ಕತ್ತರಿಸಿಹಾಕಿಸಿದ. ಯಾವ ರಾಜಕೀಯ ಕಾರಣವೂ ಈ ಕೃತ್ಯವನ್ನು ತೊಳೆಯಲಾರದು. ಸ್ವಂತ ಮಗಳ ಮನೆಯ ಬಾಗಿಲು ಅದು.

ಅಣ್ಣ ಸಹಿಸಲಿಲ್ಲ. ತನ್ನ ಪರಿವಾರವನ್ನು ಕರೆದುಕೊಂಡು 1757ರ ಆರಂಭದಲ್ಲಿ ಸತ್ಯಮಂಗಲಕ್ಕೆ ಹೊರಟುಹೋದ. ಅಣ್ಣತಮ್ಮಂದಿರ ಒಡಕಿನ ಸುದ್ದಿ ಹರಡುವಷ್ಟರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. 32 ಲಕ್ಷಕ್ಕೆ ರಾಜಿಯಾಯಿತು. ಕೈಯಲ್ಲಿದ್ದ ಐದು ಲಕ್ಷ ಕೊಟ್ಟು ಉಳಿದುದಕ್ಕೆ ಹಲವು ತಾಲ್ಲೂಕುಗಳನ್ನೇ ಒತ್ತೆಯಿಡಬೇಕಾಯಿತು.

ಸಂಬಳ ಕಾಣದ ಸೈನಿಕರು 1758ರಲ್ಲಿ ನಂಜರಾಜಯ್ಯನ ಮನೆಯ ಮುಂದೆ ಧರಣಿ ಕುಳಿತರು. ಆ ಕಾಲದ ಧರಣಿ ಇಂದಿನ ಘೋಷಣೆಯ ಧರಣಿಯಲ್ಲ. ಒಳಗೆ ಅನ್ನನೀರು ಹೋಗದಂತೆ ತಡೆಯುವ ಬಲವಂತ. ದಿಂಡಿಗಲ್ಲಿನಿಂದ ಬಂದ ಹೈದರ ಖಂಡೇರಾಯನ ಸಹಾಯದಿಂದ ಬಾಕಿ ತೀರಿಸುವ ಏರ್ಪಾಡು ಮಾಡಿದ. ಸಹೋದರರನ್ನು ಒಂದುಗೂಡಿಸಿದವನೂ ಹೈದರನೇ. ರಾಜಿಯಾದ ಸ್ವಲ್ಪ ದಿನಗಳಲ್ಲಿಯೇ, 1758ರ ಜೂನ್‌ನಲ್ಲಿ, ದೇವರಾಜಯ್ಯ ತೀರಿಕೊಂಡ. ತಮ್ಮನಿಗೆ ಬೇಡವೆಂದು ಹೇಳಬಲ್ಲ ಒಬ್ಬನೇ ಒಬ್ಬ ವ್ಯಕ್ತಿಯೂ ಇಲ್ಲವಾದ.

ಮರುವರ್ಷ ಮರಾಠರ ದಂಡನ್ನು ತಡೆದು ಬಂದ ಹೈದರನನ್ನು ನಂಜರಾಜಯ್ಯ ಎದ್ದುನಿಂತು ಆಲಿಂಗಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ದಾಖಲಿಸಿದ್ದಾನೆ. ದೇವನಹಳ್ಳಿಯಲ್ಲಿ ಕೈಕಟ್ಟಿ ನಿಂತಿದ್ದ ಸವಾರನಿಗೆ ಹತ್ತೇ ವರ್ಷಗಳಲ್ಲಿ ಸಂದ ಗೌರವ ಇದು. ಮತ್ತೆ ಸಂಬಳದ ಬಾಕಿ, ಮತ್ತೆ ಬಾಗಿಲಲ್ಲಿ ಧರಣಿ. ಈ ಸಲ ಸೈನಿಕರ ಮುಂದೆ ನಿಂತವನು ಹೈದರ. ಹಿಂದೆ ಇದ್ದವರು ದೊಡ್ಡ ಕೃಷ್ಣರಾಜರ ರಾಣಿ ಮತ್ತು ಖಂಡೇರಾಯ. ನಂಜರಾಜಯ್ಯನಿಗೆ ಎಲ್ಲವೂ ಅರ್ಥವಾಯಿತು. 1759ರಲ್ಲಿ ಅಧಿಕಾರ ಬಿಟ್ಟುಕೊಟ್ಟು ಮೈಸೂರಿಗೆ ತೆರಳಿದ. ಅಲ್ಲಿಯೂ ಅವನನ್ನು ಇರಗೊಡಲಿಲ್ಲ. ಸುಮಾರು ಮೂರು ತಿಂಗಳ ಮುತ್ತಿಗೆಯ ನಂತರ ಕಾವೇರಿ ತೀರದ ಕೊಣನೂರಿಗೆ ಹೋಗಿ ನೆಲೆಸಬೇಕಾಯಿತು.

ಶಿವಭಕ್ತನ ಗ್ರಂಥರಾಶಿ

ಇಷ್ಟೆಲ್ಲ ಕದನ, ಸಂಚುಗಳ ನಡುವೆ ಈತ ಬರೆಯುತ್ತಲೂ ಇದ್ದ, ಬರೆಯಿಸುತ್ತಲೂ ಇದ್ದ. ವಿದ್ಯೆ ಆ ಮನೆಗೆ ಹೊಸದಲ್ಲ. ತಂದೆ ವೀರರಾಜ ತೆಲುಗಿನಲ್ಲಿ ಮಹಾಭಾರತವನ್ನು ಗದ್ಯಕ್ಕಿಳಿಸಿದವನು. ಮಗನ ಹೆಸರಿನಲ್ಲಿ ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲೂ ಕೃತಿಗಳಿವೆ. ಕನ್ನಡದಲ್ಲಿ ಶಿವಭಕ್ತಿ ಮಾಹಾತ್ಮ್ಯ, ಹಾಲಾಸ್ಯ ಮಾಹಾತ್ಮ್ಯ, ಶಿವಗಂಗೆಯನ್ನು ಕುರಿತ ಕಕುದ್ಗಿರಿ ಮಾಹಾತ್ಮ್ಯ ಮೊದಲಾದ ಗದ್ಯ ಗ್ರಂಥಗಳು. ಗರಳಪುರಿ, ಅಂದರೆ ನಂಜನಗೂಡಿನ ಮಹಿಮೆಯನ್ನು ಹೇಳುವುದೂ ಅವುಗಳಲ್ಲಿ ಒಂದು. ಸಂಸ್ಕೃತದಲ್ಲಿ ಜಯದೇವನ ಗೀತಗೋವಿಂದದ ಮಾದರಿಯನ್ನು ಶಿವನಿಗೆ ಅಳವಡಿಸಿದ ಸಂಗೀತ ಗಂಗಾಧರ.

ಹಾಲಾಸ್ಯವೆಂದರೆ ಮಧುರೆ. ಅಲ್ಲಿ ಶಿವ ತೋರಿದ 64 ಲೀಲೆಗಳ ಕಥೆ ಆ ಪುಸ್ತಕದ ವಸ್ತು. ಸೈನ್ಯದ ಬಲದಿಂದ ಯಾವ ತಮಿಳು ಸೀಮೆಯನ್ನು ಗೆಲ್ಲಲಾಗಲಿಲ್ಲವೋ ಅದೇ ಸೀಮೆಯ ದೇವರ ಕಥೆಯನ್ನು ಕನ್ನಡಕ್ಕೆ ತಂದನೆಂಬುದು ಕುತೂಹಲದ ಸಂಗತಿ. ಇವೆಲ್ಲ ಅವನ ಸ್ವಂತ ರಚನೆಗಳೋ, ಆಸ್ಥಾನದ ಪಂಡಿತರ ಕೈವಾಡವೆಷ್ಟೋ ಎಂಬ ಸಂಶಯ ಅರಸರ ಹೆಸರಿನ ಎಲ್ಲ ಗ್ರಂಥಗಳಿಗೂ ಇದ್ದದ್ದೇ. ಚಂಪೂ, ಷಟ್ಪದಿಗಳ ಪ್ರತಿಷ್ಠೆಯ ಕಾಲದಲ್ಲಿ ಗದ್ಯವನ್ನು ಆರಿಸಿಕೊಂಡ ಆಸ್ಥಾನ ಅದು ಎಂಬುದಂತೂ ಮುಖ್ಯ.

ಅವನ ಆಶ್ರಯದಲ್ಲಿದ್ದ, ಅಭಿನವ ಕಾಳಿದಾಸನೆನಿಸಿದ ನರಸಿಂಹ ಕವಿ, ನಂಜರಾಜಯಶೋಭೂಷಣ ಎಂಬ ಸಂಸ್ಕೃತ ಅಲಂಕಾರ ಗ್ರಂಥವನ್ನು ರಚಿಸಿದ. ಓರಂಗಲ್ಲಿನ ಪ್ರತಾಪರುದ್ರನನ್ನು ಕುರಿತು ವಿದ್ಯಾನಾಥ ಬರೆದ ಗ್ರಂಥದ ದಾರಿಯಲ್ಲಿ ನಡೆದ ಕೃತಿ. ಅಲಂಕಾರಗಳಿಗೆ ಕೊಟ್ಟ ಉದಾಹರಣೆಗಳೆಲ್ಲ ನಂಜರಾಜಯ್ಯನ ಸ್ತುತಿ. 1930ರಲ್ಲಿ ಬರೋಡದ ಗಾಯಕವಾಡ್ ಗ್ರಂಥಮಾಲೆಯಲ್ಲಿ ಅದು ಅಚ್ಚಾಯಿತು. ಸಂಬಳ ಸಿಗದೆ ಸಿಪಾಯಿಗಳು ಬಾಗಿಲಲ್ಲಿ ಕುಳಿತ ದಿನಗಳ ಸುಳಿವು ಇಂತಹ ಸ್ತುತಿಕಾವ್ಯದಲ್ಲಿ ಸಿಗಲಾರದು.

ಕೊಣನೂರಿನ ಅತಿಥಿ

ಖಂಡೇರಾಯ 1760ರಲ್ಲಿ ಅರಮನೆಯ ಪರವಾಗಿ ಹೈದರನ ಮೇಲೆಯೇ ತಿರುಗಿಬಿದ್ದ. ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡ ಹೈದರ ಮುಂದಿನ ವರ್ಷ ಕದನದಲ್ಲಿ ಸೋತು ದಾರಿಗಾಣದೆ ಕೊಣನೂರಿಗೆ ಬಂದ. ತಾನೇ ಪದಚ್ಯುತಗೊಳಿಸಿದ್ದ ಹಳೆಯ ಒಡೆಯನ ಕಾಲಿಗೆ ಬಿದ್ದು, ಮಾಡಿದ್ದೆಲ್ಲ ತಪ್ಪಾಯಿತೆಂದು ಬೇಡಿಕೊಂಡ.

ನಂಜರಾಜಯ್ಯ ನಂಬಿದ. ತನ್ನ ಬಳಿಯಿದ್ದ ಪಡೆಯನ್ನು ಅವನಿಗೊಪ್ಪಿಸಿ, ತನ್ನ ಹೆಸರಿನ ಬಲವನ್ನೂ ಕೊಟ್ಟ. ಆ ಹೆಸರೇ ಸೈನ್ಯಕ್ಕಿಂತ ಹೆಚ್ಚು ಕೆಲಸ ಮಾಡಿತು. ಖಂಡೇರಾಯನ ಸರದಾರರು ಅವನನ್ನು ಹಿಡಿದುಕೊಡಲು ಒಪ್ಪಿದ್ದಾರೆಂಬಂತೆ ನಂಜರಾಜಯ್ಯನ ಮುದ್ರೆಯಿದ್ದ ಕೃತಕ ಪತ್ರಗಳನ್ನು ಬರೆಯಿಸಿದ ಹೈದರ, ಅವು ಖಂಡೇರಾಯನ ಕೈಗೇ ಬೀಳುವಂತೆ ಮಾಡಿದ. ತನ್ನವರೇ ದ್ರೋಹ ಬಗೆದರೆಂದು ಹೆದರಿದ ಖಂಡೇರಾಯ ಸೈನ್ಯ ಬಿಟ್ಟು ಪಲಾಯನ ಮಾಡಿದ. 1761ರ ಮಧ್ಯಭಾಗದ ಹೊತ್ತಿಗೆ ಮೈಸೂರಿನ ಅಧಿಕಾರ ಹೈದರನದಾಯಿತು. ಕೊಣನೂರಿನವನಿಗೆ ಹಳೆಯ ಪದವಿ ಮರಳಲಿಲ್ಲ.

ಅಳಿಯನಾದ ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ನಿಧನರಾದರು. ಮರಾಠರು ಮತ್ತು ನಿಜಾಮನೊಡನೆ ನಂಜರಾಜಯ್ಯ ಪತ್ರವ್ಯವಹಾರ ನಡೆಸಿದ್ದಾನೆಂಬ ಸಂಶಯ ಹೈದರನಿಗೆ ಬಂತು. ಮರುವರ್ಷ ನಯವಾದ ಮಾತುಗಳಿಂದ ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿ ಸೆರೆಯಲ್ಲಿಟ್ಟ. ಸುಮಾರು ಆರು ವರ್ಷಗಳ ನಂತರ, 1773ರ ಹೊತ್ತಿಗೆ, ಸೆರೆಯಲ್ಲಿಯೇ ನಂಜರಾಜಯ್ಯ ಕೊನೆಯುಸಿರೆಳೆದ. ಟಿಪ್ಪುವಿನ ಪತನದ ನಂತರ 1799ರಲ್ಲಿ ಒಡೆಯರ ಮನೆತನ ಸಿಂಹಾಸನಕ್ಕೆ ಮರಳಿತು. ಆಡಳಿತದ ಚುಕ್ಕಾಣಿ ದಿವಾನ್ ಪೂರ್ಣಯ್ಯನ ಕೈಗೆ ಬಂತು. ಕಳಲೆಯವರ ದಳವಾಯಿಗಿರಿ ಹಿಂತಿರುಗಲಿಲ್ಲ.